ಕುಮಟಾ, ಕಾರವಾರ, ಮರ್ಮಗೋವಾ: ಹತ್ತಿಯ ದಾರಿ ಬದಲಾದ ಬಗೆ

ಗಿರಣಿಗಳು ಬರುವುದಕ್ಕೆ ಬಹಳ ಮೊದಲೇ ದಾವಣಗೆರೆ ವ್ಯಾಪಾರದ ಊರು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿನ ವರ್ತಕರ ಕೈಯಿಂದ ಪೂರ್ವಕ್ಕೆ, ಆರ್ಕಾಟಿನ ಬಳಿಯ ವಾಲಾಜಾಪೇಟೆಗೆ ಹೋಗುತ್ತಿತ್ತು. ಪಶ್ಚಿಮದ ಕಡಲಿಗೆ ಹೊರಟ ಹತ್ತಿಗೆ ಕುಮಟಾವೇ ಬಾಗಿಲು. ಬೆಳೆದದ್ದು ಧಾರವಾಡ ಸೀಮೆಯ ಎರೆಹೊಲದಲ್ಲಾದರೂ ಮುಂಬಯಿ ಪೇಟೆಯಲ್ಲಿ ಅದು 'ಕುಮಟಾ ಹತ್ತಿ'.

ಕುಮಟಾದ ತೊಂದರೆ ಕಡಲಿನದೇ. ಅಲ್ಲಿ ಹಡಗಿಗೆ ಆಸರೆಯಿಲ್ಲ, ಜೂನ್‌ನಲ್ಲಿ ಮಳೆಗಾಲ ಹಿಡಿದರೆ ಬಂದರು ಮುಚ್ಚಿದಂತೆಯೇ. ಹತ್ತಿ ಬಿಡಿಸುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಅಷ್ಟರೊಳಗೆ ಗಾಡಿಗಳು ದೇವಿಮನೆ ಘಟ್ಟ ಇಳಿದು, ಸರಕು ಮುಂಬಯಿಗೆ ಹೋಗುವ ಪತ್ತೇಮಾರಿ (ಹಾಯಿಹಡಗು) ಹತ್ತಬೇಕು. ತಡವಾದರೆ ಹತ್ತಿ ತೇವ ಹಿಡಿದು ಬಣ್ಣಗೆಡುತ್ತದೆ, ಹಾಕಿದ ದುಡ್ಡು ಮಳೆಗಾಲ ಮುಗಿಯುವತನಕ ಕಟ್ಟಿಬೀಳುತ್ತದೆ.

ಇದರ ಮೇಲೆ ನಾಣ್ಯದ ಕಾಟ. ಮೈಸೂರು ಸೀಮೆಯಲ್ಲಿ ಲೆಕ್ಕ ಕಂಠೀರಾಯ ಹಣವೆಂಬ ಸಣ್ಣ ಚಿನ್ನದ ನಾಣ್ಯದಲ್ಲಿ, ಹತ್ತು ಹಣಕ್ಕೆ ಒಂದು ವರಹ. ಕುಮಟಾ ಆಗ ಮದ್ರಾಸ್ ಆಡಳಿತದಲ್ಲಿತ್ತು, ಧಾರವಾಡ ಮುಂಬಯಿ ಆಡಳಿತದಲ್ಲಿ. ಗಡಿ ದಾಟಿದಾಗಲೆಲ್ಲ ಚಿನಿವಾರ, ಅಂದರೆ ನಾಣ್ಯ ಬದಲಿಸಿಕೊಡುವವ, ನಾಣ್ಯದ ತೂಕ ನೋಡಿ, ಒರೆಗೆ ಹಚ್ಚಿ, ಸವೆತಕ್ಕೆಂದು ವಟ್ಟ (ಕಡಿತ) ಮುರಿದುಕೊಳ್ಳುತ್ತಿದ್ದ. 1818ರಲ್ಲಿ ಮದ್ರಾಸ್ ಸರ್ಕಾರ ತನ್ನ 100 ವರಹಕ್ಕೆ 350 ರೂಪಾಯಿ ಎಂದು ಕಟ್ಟಿತು. 1835ರ ಕಾನೂನು ಕಂಪನಿಯ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿ ತಂದಿತು: ತೂಕ ಒಂದು ತೊಲ, ಅಂದರೆ 180 ಗ್ರೇನ್, ಅದರಲ್ಲಿ ಅಪ್ಪಟ ಬೆಳ್ಳಿ 165. ಬೆಂಗಳೂರಿಗೆ ಬಂದಿದ್ದ ಮೈಸೂರಿನ ಟಂಕಸಾಲೆ 1843ರಲ್ಲಿ ಮುಚ್ಚಿತು.

ವಟ್ಟ ತಗ್ಗಿದ್ದು ವರ್ತಕನಿಗೆ ಲಾಭ, ಹಳೆಯ ಬಂದರಿಗೆ ಅಷ್ಟು ಹಿತವಲ್ಲ. ಒಂದೂರಿನ ಚಿನಿವಾರನಿಗೂ ಅವನ ಹುಂಡಿಗೂ (ಹಣ ಪಾವತಿಯ ಚೀಟಿಗೂ) ಕಟ್ಟುಬಿದ್ದ ವ್ಯಾಪಾರಿ ಸುಲಭಕ್ಕೆ ಬಂದರು ಬದಲಿಸಲಾರ. ಎಲ್ಲೆಡೆ ಒಂದೇ ರೂಪಾಯಿ ನಡೆದರೆ ಉಳಿಯುವುದು ಬಾಡಿಗೆ, ಸುಂಕ, ದಿನಗಳ ಲೆಕ್ಕವಷ್ಟೇ.

ಆ ಲೆಕ್ಕದಲ್ಲಿ ಮೊದಲು ಎದ್ದದ್ದು ಕಾರವಾರ. ಅಮೆರಿಕದ ಅಂತರ್ಯುದ್ಧದಿಂದ (1861–65) ಹತ್ತಿಯ ಬೆಲೆ ಏರಿದಾಗ ಮ್ಯಾಂಚೆಸ್ಟರ್ ಗಿರಣಿಯವರ ಕಣ್ಣು ಆಸರೆಯುಳ್ಳ ಈ ಕೊಲ್ಲಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಾಯವಿತ್ತು. ಆದರೆ ಕಾರವಾರಕ್ಕೆ ರೈಲು ಬರಲಿಲ್ಲ.

ಬಂದದ್ದು ಗೋವಾಕ್ಕೆ. 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಎರಡೂ ಕಡೆಯ ಸುಂಕವನ್ನು ಒಂದುಗೂಡಿಸಿದವು. ಗೋವಾದ 1881ರ 'ರೂಪಿಯ' ನಾಣ್ಯ ಅಚ್ಚಾದದ್ದು ಕಲ್ಕತ್ತೆಯಲ್ಲಿ, ತೂಕ ಬೆಳ್ಳಿ ಎರಡರಲ್ಲೂ ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಸಮ. ಗಡಿಯಾಚೆಯ ಬಂದರಿಗಿದ್ದ ನಾಣ್ಯದ ತೊಡಕು ಅಲ್ಲಿಗೆ ಕಳೆಯಿತು. 1888ರಲ್ಲಿ ಘಟ್ಟದ ಮೇಲಿನ ಗಡಿಯ ನಿಲ್ದಾಣ ಕ್ಯಾಸಲ್‌ರಾಕ್‌ನಿಂದ ಮರ್ಮಗೋವಾದ ಹಡಗುಕಟ್ಟೆಯವರೆಗೆ ಹಳಿ ಕೂಡಿತು. ಹುಬ್ಬಳ್ಳಿಯಲ್ಲಿ ತುಂಬಿದ ಹತ್ತಿಗೆ ಘಟ್ಟದ ಗಾಡಿ ಬೇಡವಾಯಿತು.

1892ರಲ್ಲಿ ಒಪ್ಪಂದದ ಅವಧಿ ತೀರಿ ಸುಂಕದ ಗಡಿ ಮತ್ತೆ ಎದ್ದಿತು. ಹಳಿ ಮಾತ್ರ ಅಲ್ಲೇ ಇತ್ತು. ಕಾರವಾರದವರು ರೈಲಿಗಾಗಿ 1990ರ ದಶಕದ ಕೊಂಕಣ ರೈಲ್ವೆಯತನಕ ಕಾಯಬೇಕಾಯಿತು.