ಹೈಡ್ರೋಜನ್ ಯಂತ್ರದ ಪೊರೆ: ಕಲ್ನಾರಿನಿಂದ ನಫಿಯಾನ್‌ವರೆಗೆ

ಕಾಸರಗೋಡು ಜಿಲ್ಲೆಯ ಪೈವಳಿಕೆಯ 50 ಮೆಗಾವಾಟ್ ಸೌರ ಸ್ಥಾವರದಂಥ ಕಡೆ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯಲು ಹೊರಟರೆ, ಲೆಕ್ಕಾಚಾರವೆಲ್ಲ ಬಂದು ನಿಲ್ಲುವುದು ಒಂದೆರಡು ಕೂದಲಿನಷ್ಟು ದಪ್ಪದ ಪೊರೆಯ ಮುಂದೆ. ಒಂದು ಬದಿ ಹೈಡ್ರೋಜನ್, ಇನ್ನೊಂದು ಬದಿ ಆಮ್ಲಜನಕ. ಪೊರೆ ಅಯಾನುಗಳನ್ನು (ವಿದ್ಯುದಾವೇಶವಿರುವ ಕಣಗಳನ್ನು) ದಾಟಿಸಬೇಕು, ಅನಿಲಗಳನ್ನು ತಡೆಯಬೇಕು.

ಮೊದಲು ಆ ಜಾಗದಲ್ಲಿ ಇದ್ದದ್ದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಶೇ. 25–30ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ನಿಕ್ಕಲ್ ವಿದ್ಯುದ್ವಾರಗಳು, ನಡುವೆ ಕಲ್ನಾರಿನ ಹಾಳೆ. ಕಲ್ನಾರಿನ ದೂಳು ಶ್ವಾಸಕೋಶಕ್ಕೆ ಮಾರಕವೆಂದು ಖಚಿತವಾದ ಮೇಲೆ ಪಾಲಿಸಲ್ಫೋನ್‌ನಲ್ಲಿ (ಒಂದು ಬಗೆಯ ಪ್ಲಾಸ್ಟಿಕ್) ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಪುಡಿ ಬೆರೆಸಿದ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಬಂತು. ಎರಡರಲ್ಲೂ ರಂಧ್ರಗಳಿವೆ, ಎರಡು ಬದಿಯ ಒತ್ತಡ ಏರುಪೇರಾದರೆ ಅನಿಲ ಕರಗಿದ ದ್ರಾವಣವೇ ಆಚೆ ನುಗ್ಗುತ್ತದೆ.

ರಂಧ್ರವಿಲ್ಲದ ಪಾಲಿಮರ್ ಪೊರೆಯ ದಾರಿ ತೆರೆದದ್ದು 1955ರಲ್ಲಿ, ಜನರಲ್ ಎಲೆಕ್ಟ್ರಿಕ್‌ನ ಥಾಮಸ್ ಗ್ರಬ್ ಅವರಿಂದ. ಸಲ್ಫೋನೀಕರಿಸಿದ ಪಾಲಿಸ್ಟೈರೀನ್ ಬಳಗದ ಪೊರೆ 1965ರಲ್ಲಿ ಅಮೆರಿಕದ ಜೆಮಿನಿ 5 ನೌಕೆಯಲ್ಲಿ, ಹೈಡ್ರೋಜನ್ ಮತ್ತು ಆಮ್ಲಜನಕ ಸೇರಿಸಿ ವಿದ್ಯುತ್ ತೆಗೆಯುವ ಇಂಧನ ಕೋಶದೊಳಗೆ, ಬಾಹ್ಯಾಕಾಶಕ್ಕೂ ಹೋಯಿತು. ಆದರೆ ಅದರ ಕಾರ್ಬನ್–ಹೈಡ್ರೋಜನ್ ಬಂಧಗಳು ಬಹಳ ಚುರುಕಾಗಿ ಪ್ರತಿಕ್ರಿಯಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳ ದಾಳಿಗೆ ಬಾಳಲಿಲ್ಲ. ಡ್ಯೂಪಾಂಟ್‌ನ ವಾಲ್ಟರ್ ಗ್ರಾಟ್ 1960ರ ದಶಕದ ಕೊನೆಯಲ್ಲಿ ಟೆಫ್ಲಾನ್ ಬೆನ್ನೆಲುಬಿಗೆ ಸಲ್ಫೋನಿಕ್ ಆಮ್ಲದ ಪಾರ್ಶ್ವಸರಪಳಿ ಜೋಡಿಸಿದರು. ಅದೇ ನಫಿಯಾನ್. ಅದರ 117 ಎಂಬ ಮಾದರಿ ಸುಮಾರು 180 ಮೈಕ್ರಾನ್ (ಮಿಲಿಮೀಟರಿನ ಸಾವಿರದೊಂದು ಭಾಗ ಒಂದು ಮೈಕ್ರಾನ್) ದಪ್ಪ, 212 ಮಾದರಿ 50 ಮೈಕ್ರಾನ್.

ತೆಳುವಾದಷ್ಟೂ ವಿದ್ಯುತ್ ನಷ್ಟ ಕಡಿಮೆ. ಹಾಗಾದರೆ ಎಲ್ಲರೂ 50 ಮೈಕ್ರಾನ್‌ಗೇ ಏಕೆ ಇಳಿಯುವುದಿಲ್ಲ? ಸೌರ ವಿದ್ಯುತ್ತಿಗೆ ಇದೇ ಮುಖ್ಯ ಪ್ರಶ್ನೆ. ಪೊರೆಯೊಳಗೆ ಕರಗಿ ಆಚೆ ಸೋರುವ ಹೈಡ್ರೋಜನ್‌ನ ಪ್ರಮಾಣವನ್ನು ಬಹುಮಟ್ಟಿಗೆ ಒತ್ತಡ, ಉಷ್ಣತೆ ಮತ್ತು ದಪ್ಪ ನಿರ್ಧರಿಸುತ್ತವೆ; ಕರೆಂಟು ಇಳಿದರೂ ಸೋರಿಕೆ ಅಷ್ಟಾಗಿ ಇಳಿಯುವುದಿಲ್ಲ. ಆಮ್ಲಜನಕದ ಉತ್ಪಾದನೆ ಮಾತ್ರ ಇಳಿಯುತ್ತದೆ. ಚದರ ಸೆಂಟಿಮೀಟರಿಗೆ 2 ಆಂಪಿಯರ್ ಇದ್ದಾಗ ಆಮ್ಲಜನಕದಲ್ಲಿ ಶೇ. 0.5 ಹೈಡ್ರೋಜನ್ ಇತ್ತೆನ್ನಿ. ಮೋಡ ಕವಿದು 0.2 ಆಂಪಿಯರಿಗೆ ಇಳಿದರೆ ಅದು ಶೇ. 5ರ ಹತ್ತಿರ. ಸ್ಫೋಟದ ಕೆಳಮಿತಿ ಶೇ. 4. ಆದ್ದರಿಂದ ಶೇ. 2ರ ಸುಮಾರಿಗೇ ಯಂತ್ರ ನಿಲ್ಲುವಂತೆ ಹೊಂದಿಸಬೇಕು. ಕರಾವಳಿಯ ಮಳೆಗಾಲದಲ್ಲಿ ಇದು ಪದೇಪದೇ ಆಗುವಂಥದ್ದು. ತೆಳು ಪೊರೆ ಬೇಕೇಬೇಕೆಂದರೆ ಅದರೊಳಗೆ ಪ್ಲಾಟಿನಂ ಕಣಗಳನ್ನು ಕೂರಿಸಿ, ಸೋರುವ ಹೈಡ್ರೋಜನನ್ನು ದಾರಿಯಲ್ಲೇ ಮತ್ತೆ ನೀರಾಗಿಸುತ್ತಾರೆ.

ಇನ್ನೊಂದು ಶತ್ರು ಕಬ್ಬಿಣ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ಹಲವು ಕೊಳವೆಬಾವಿಗಳಲ್ಲಿ ನೀರು ಮೇಲೆ ಬರುವಾಗ ತಿಳಿಯಾಗಿರುತ್ತದೆ, ಗಾಳಿ ತಾಗಿದ ಮೇಲೆ ಬಕೆಟಿನ ತಳ ಕಂದಾಗುತ್ತದೆ. ಆ ಕಬ್ಬಿಣದ ಅಯಾನು ಪೊರೆಯ ಆಮ್ಲದ ತಾಣ ಹಿಡಿದು, ದಾಟಬೇಕಾದ ಹೈಡ್ರೋಜನ್ ಅಯಾನಿಗೆ, ಅಂದರೆ ಪ್ರೋಟಾನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಯಂತ್ರದೊಳಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ರ‍್ಯಾಡಿಕಲ್‌ಗಳಾಗಿ ಒಡೆದು ಪಾಲಿಮರನ್ನೇ ಕತ್ತರಿಸುತ್ತದೆ. ಹೀಗಾಗಿ ಮೊದಲು ಗಾಳಿಯಾಡಿಸಿ ಮರಳಿನಲ್ಲಿ ಸೋಸಬೇಕು, ಬಳಿಕ ಆರ್‌ಒ, ಕೊನೆಗೆ ಅಯಾನು ವಿನಿಮಯ ರಾಳ. ವಿದ್ಯುದ್ವಾಹಕತೆ ಸೆಂಟಿಮೀಟರಿಗೆ 1 ಮೈಕ್ರೋಸೀಮೆನ್ಸ್‌ಗಿಂತ ಕೆಳಗಿರಬೇಕು, 0.1 ಆದರೆ ಉತ್ತಮ. ಸ್ಟೀಲ್ ಪೈಪುಗಳೂ ಕಬ್ಬಿಣ ಬಿಡುವುದರಿಂದ ಯಂತ್ರದಲ್ಲಿ ಸುತ್ತುವ ನೀರಿಗೂ ರಾಳ ಬೇಕು. ಆದರೆ 60 ಡಿಗ್ರಿ ಮೀರಿದರೆ ಋಣ ಅಯಾನುಗಳನ್ನು ಹಿಡಿಯುವ ಆನಯಾನ್ ರಾಳವೇ ಕೆಡುತ್ತದೆ, ತಣಿಸಿಯೇ ಹಾಯಿಸಬೇಕು.

ಸವೆತವನ್ನು ವೋಲ್ಟೇಜ್ ನೋಡಿ ಹಿಡಿಯಲಾಗದು. ಪೊರೆ ತೆಳುವಾದಂತೆ ವೋಲ್ಟೇಜ್ ಇನ್ನೂ ಚೆನ್ನಾಗಿ ಕಾಣಬಹುದು. ನಫಿಯಾನ್ ಸವೆದಾಗ ಅದರಲ್ಲಿರುವ ಫ್ಲೋರಿನ್ ಫ್ಲೋರೈಡ್ ಆಗಿ ನೀರಿಗೆ ಸೇರುತ್ತದೆ, ಹೊರಬರುವ ನೀರಿನಲ್ಲಿ ಅದನ್ನೇ ಅಳೆಯಬೇಕು.