ಪೂರ್ತಿ ಬೆಲೆ ಕೊಟ್ಟರೂ ಟ್ರಸ್ಟಿ ಕೊಳ್ಳುವಂತಿಲ್ಲ

"ಮಾರ್ಕೆಟ್ ರೇಟಿಗಿಂತ ಜಾಸ್ತೀನೇ ಕೊಟ್ಟಿದ್ದೀನಿ ಸಾರ್, ಇದರಲ್ಲಿ ತಪ್ಪೇನಿದೆ?" ಬೇರೆಯವರಿಗಾಗಿ ನೋಡಿಕೊಳ್ಳಬೇಕಾದ ಟ್ರಸ್ಟ್ ಆಸ್ತಿಯನ್ನು ತಾವೇ ಕೊಂಡ ಟ್ರಸ್ಟಿಗಳು ಹೀಗೆ ಕೇಳಿಕೊಂಡೇ ಬರುತ್ತಾರೆ. ಕೈಯಲ್ಲಿ ವ್ಯಾಲ್ಯುಯೇಷನ್ ರಿಪೋರ್ಟು, ಬ್ಯಾಂಕ್ ಸ್ಟೇಟ್‌ಮೆಂಟು, ರಿಜಿಸ್ಟರ್ ಆದ ಕ್ರಯಪತ್ರ. ಬಹುಪಾಲು ಒಳ್ಳೆಯ ಜನ, ತೀರಿಹೋದ ತಮ್ಮನ ಮಕ್ಕಳ ಆಸ್ತಿಯನ್ನು ವರ್ಷಗಟ್ಟಲೆ ಬಿಡಿಗಾಸು ತೆಗೆದುಕೊಳ್ಳದೆ ನೋಡಿಕೊಂಡವರು. ಅದಕ್ಕೇ ನನಗೆ ಬೇಜಾರು ಜಾಸ್ತಿ.

ಬೆಲೆ ಇಲ್ಲಿ ಪ್ರಶ್ನೆಯೇ ಅಲ್ಲ. ಕ್ರಯಪತ್ರದ ಮೊದಲ ಪುಟ ನೋಡಿ. ಮಾರುವವರು ನೀವು, ಕೊಳ್ಳುವವರೂ ನೀವೇ. ಹಾಗಾದರೆ ಮಕ್ಕಳ ಪರವಾಗಿ ಚೌಕಾಸಿ ಮಾಡಿದವರು ಯಾರು? ಇನ್ನೆರಡು ವರ್ಷ ಕಾಯೋಣ, ಬೇರೆ ಗಿರಾಕಿ ನೋಡೋಣ, ಇಲ್ಲಾ ಮಾರೋದೇ ಬೇಡ ಅಂತ ಹೇಳಬೇಕಾಗಿದ್ದವರು ನೀವೇ ಅಲ್ವಾ? ಆ ಆಸ್ತಿಯ ಮೇಲೆ ಆಸೆ ಇದ್ದವರೂ ನೀವೇ.

1882ರ ಭಾರತೀಯ ಟ್ರಸ್ಟ್ ಕಾಯಿದೆಯ 53ನೇ ಸೆಕ್ಷನ್ ಪ್ರಕಾರ ಕೋರ್ಟಿನ ಅನುಮತಿ ಇಲ್ಲದೆ ಟ್ರಸ್ಟಿ ಟ್ರಸ್ಟ್ ಆಸ್ತಿಯನ್ನು ಕೊಳ್ಳುವಂತಿಲ್ಲ, ಅಡಮಾನ ಹಿಡಿಯುವಂತಿಲ್ಲ, ಲೀಸಿಗೂ ಪಡೆಯುವಂತಿಲ್ಲ. ಫಲಾನುಭವಿಗೆ, ಅಂದರೆ ಯಾರ ಒಳಿತಿಗಾಗಿ ಟ್ರಸ್ಟ್ ಇದೆಯೋ ಅವರಿಗೆ, ಎದ್ದು ಕಾಣುವಂಥ ಅನುಕೂಲ ಇದ್ದರೆ ಮಾತ್ರ ಕೋರ್ಟ್ ಒಪ್ಪಬಹುದು. ಇದನ್ನು ಹೇಳಿದಾಗ ಒಬ್ಬರು, "ಸರಿ, ರಾಜೀನಾಮೆ ಕೊಟ್ಟು ಮುಂದಿನ ತಿಂಗಳು ತಗೋತೀನಿ" ಅಂದರು. ಆಗೋಲ್ಲ. ಇತ್ತೀಚೆಗಷ್ಟೇ ಟ್ರಸ್ಟಿತನ ಬಿಟ್ಟವರನ್ನೂ ಅದೇ ಸೆಕ್ಷನ್ ಹಿಡಿಯುತ್ತದೆ. ಹೆಂಡತಿ ಹೆಸರಲ್ಲಿ? ಮಾರುವ ಹೊಣೆ ಹೊತ್ತ ಟ್ರಸ್ಟಿ ಪರೋಕ್ಷವಾಗಿಯೂ ಕೊಳ್ಳಬಾರದು ಅಂತ 52ನೇ ಸೆಕ್ಷನ್ ಹೇಳುತ್ತದೆ.

ಇದು ಹಳೆಯ ನಿಯಮ. 1726ರಲ್ಲಿ ಇಂಗ್ಲೆಂಡಿನಲ್ಲಿ ಕೀಚ್ ವಿರುದ್ಧ ಸ್ಯಾಂಡ್‌ಫರ್ಡ್ ಎಂಬ ಕೇಸು ನಡೆಯಿತು. ಒಂದು ಮಗುವಿಗೆ ಸೇರಬೇಕಾದ ಮಾರುಕಟ್ಟೆಯ ಲೀಸು ಟ್ರಸ್ಟಿಯ ಕೈಯಲ್ಲಿತ್ತು. ಅವಧಿ ಮುಗಿದಾಗ ಮಾಲೀಕ ಮಗುವಿಗೆ ಮತ್ತೆ ಕೊಡಲ್ಲ ಎಂದ. ಟ್ರಸ್ಟಿ ಅದನ್ನು ತನ್ನ ಹೆಸರಿಗೇ ಮಾಡಿಸಿಕೊಂಡ. ಮಗುವಿಗೆ ಹೇಗೂ ಸಿಗುತ್ತಿರಲಿಲ್ಲ, ನಷ್ಟ ಯಾರಿಗೂ ಇಲ್ಲ. ಆದರೂ ಲೀಸನ್ನೂ ಬಂದ ಲಾಭವನ್ನೂ ಮಗುವಿಗೇ ಬಿಟ್ಟುಕೊಡು ಎಂದಿತು ಕೋರ್ಟು. ಇದಕ್ಕೆ ಅವಕಾಶ ಕೊಟ್ಟರೆ ಮಗುವಿನ ಲೀಸಿಗಾಗಿ ಯಾವ ಟ್ರಸ್ಟಿ ಮನಸ್ಸಿಟ್ಟು ಓಡಾಡುತ್ತಾನೆ?

"ಮಕ್ಕಳೇ ಒಪ್ಪಿದ್ದಾರೆ" ಅನ್ನೋರೂ ಇದ್ದಾರೆ. ಹದಿನೈದು ವರ್ಷದ ಹುಡುಗನ ಒಪ್ಪಿಗೆ ಇಲ್ಲಿ ನಡೆಯೋಲ್ಲ. ವಯಸ್ಸಿಗೆ ಬಂದವರು ಎಲ್ಲಾ ವಿಷಯ ತಿಳಿದು, ಯಾರ ಒತ್ತಡವೂ ಇಲ್ಲದೆ ಒಪ್ಪಿದ್ದರೆ ಲೆಕ್ಕಾಚಾರ ಬೇರೆ ಆಗಬಹುದು. ಧರ್ಮಾರ್ಥ ಟ್ರಸ್ಟ್‌ಗಳಿಗೆ ಬೇರೆ ನಿಯಮಗಳಿವೆ, ಡೀಡ್ (ಟ್ರಸ್ಟ್ ಮಾಡಿದ ಪತ್ರ) ಓದದೆ ನಾನು ಖಡಾಖಂಡಿತವಾಗಿ ಹೇಳಲಾರೆ.

ಈಗಾಗಲೇ ಕೊಂಡಿದ್ದರೆ? ನೀವು ಕೊಟ್ಟ ಹಣವನ್ನು ಬಡ್ಡಿ ಸಮೇತ ವಾಪಸು ಕೊಟ್ಟು ಆಸ್ತಿ ಹಿಂದಕ್ಕೆ ಕೇಳುವ ಹಕ್ಕು ಫಲಾನುಭವಿಗೆ 62ನೇ ಸೆಕ್ಷನ್ನಿನಲ್ಲಿದೆ. ದಯವಿಟ್ಟು ಅದರ ಮೇಲೆ ಮನೆ ಕಟ್ಟಬೇಡಿ, ಬೇರೆಯವರಿಗೆ ಮಾರಬೇಡಿ. ಮೊದಲು ವಕೀಲರಿಗೆ ಡೀಡ್ ತೋರಿಸಿ, ಆಮೇಲೆ ಫಲಾನುಭವಿಗಳಿಗೆ ಎಲ್ಲವನ್ನೂ ಲೆಕ್ಕದ ಸಮೇತ ತಿಳಿಸಿ.