ಮ್ಯಾನೇಜರ್ ಬದಲಾದರೆ ತಂಡ ಗೆದ್ದುಬಿಡುತ್ತದೆಯೇ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಸೀಸನ್ ಮುಗಿದ ಕೂಡಲೇ ಮ್ಯಾನೇಜರ್‌ಗಳನ್ನು ತೆಗೆಯುತ್ತಾರೆ, ಆಟಗಾರರನ್ನು ಅದಲು ಬದಲು ಮಾಡುತ್ತಾರೆ. ನಮ್ಮ ಐಪಿಎಲ್ ಥರ ಹರಾಜೂ ಇಲ್ಲ. ಈ ಚಳಿಗಾಲದ ಓಡಾಟದಿಂದ ನಿಜಕ್ಕೂ ಏನಾದರೂ ಬದಲಾಗುತ್ತದಾ?

ಉತ್ತರ: 83 ಗೆಲುವು, 79 ಸೋಲು. 2023ರಲ್ಲಿ ಶಿಕಾಗೊ ಕಬ್ಸ್ ತಂಡದ ಲೆಕ್ಕ ಇದು. 2024ರ ಲೆಕ್ಕವೂ ಇದೇ, ಒಂದು ಪಂದ್ಯವೂ ಆಚೀಚೆ ಇಲ್ಲ. ನಡುವಿನ ಚಳಿಗಾಲದಲ್ಲಿ ಆ ತಂಡ ಅಲ್ಲಿಯವರೆಗೆ ಯಾರೂ ಕೊಡದಷ್ಟು ಸಂಬಳ ಕೊಟ್ಟು ಹೊಸ ಮ್ಯಾನೇಜರ್‌ನ್ನು ಕರೆತಂದಿತ್ತು.

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಟಿಕೆಟ್, ಹೋಟೆಲ್ ನೋಡಿಕೊಳ್ಳುವವರಲ್ಲ. ಕ್ರಿಕೆಟ್‌ನ ಕೋಚ್ ಮತ್ತು ಕ್ಯಾಪ್ಟನ್ ಕೆಲಸ ಎರಡೂ ಅವರದ್ದೇ. ವಯಸ್ಸು ಅರವತ್ತು ದಾಟಿದ್ದರೂ ತಂಡದ ಸಮವಸ್ತ್ರದಲ್ಲೇ ಆಟಗಾರರ ಜೊತೆ ಡಗೌಟ್‌ನಲ್ಲಿ ಕೂರುತ್ತಾರೆ. ಯಾರು ಯಾವ ಕ್ರಮದಲ್ಲಿ ಬ್ಯಾಟ್ ಮಾಡಬೇಕು, ಪಿಚರ್ (ಚೆಂಡೆಸೆಯುವವ, ನಮ್ಮ ಬೌಲರ್ ಥರ) ಸುಸ್ತಾದರೆ ಮುಂದೆ ಯಾರು ಎನ್ನುವುದನ್ನೆಲ್ಲ ಅವರೇ ತೀರ್ಮಾನಿಸುತ್ತಾರೆ. ಆದರೆ ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನುವುದು ಮೇಲಿನ ಆಫೀಸಿನ ಕೆಲಸ. ಕಬ್ಸ್‌ನಲ್ಲಿ ಆ ಕುರ್ಚಿಯಲ್ಲಿರುವವರು ಜೆಡ್ ಹೋಯರ್. ಅಡುಗೆ ಮಾಡುವವರು ಒಬ್ಬರು, ಸಂತೆಗೆ ಹೋಗಿ ಸಾಮಾನು ತರುವವರು ಇನ್ನೊಬ್ಬರು.

2023ರ ತನಕ ಕಬ್ಸ್‌ನ ಅಡುಗೆಯವರು ಡೇವಿಡ್ ರಾಸ್. ಊರಿಗೆ ಪ್ರೀತಿಯ ಮನುಷ್ಯ. 2016ರಲ್ಲಿ ಕಬ್ಸ್ 108 ವರ್ಷಗಳ ನಂತರ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತಲ್ಲ, ಅದರ ಏಳನೇ ಪಂದ್ಯದಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು) ಹೊಡೆದವರು. 2023ರ ಸೆಪ್ಟೆಂಬರ್‌ನಲ್ಲಿ ಅವರ ತಂಡ ಕೊನೆಯ ದಿನಗಳಲ್ಲಿ ಮುಗ್ಗರಿಸಿತು. ಒಂದೇ ಒಂದು ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿತು. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಅವರಿಗಿಂತ ಒಂದು ಪಂದ್ಯ ಜಾಸ್ತಿ ಗೆದ್ದ ಅರಿಜೋನ ಸೀದಾ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು.

ಅದೇ ಹೊತ್ತಿಗೆ ಪಕ್ಕದ ಮಿಲ್ವಾಕಿ ಬ್ರೂವರ್ಸ್ ತಂಡದ ಮ್ಯಾನೇಜರ್ ಕ್ರೇಗ್ ಕೌನ್ಸೆಲ್ ಅವರ ಒಪ್ಪಂದ ಮುಗಿಯಿತು. ಮಿಲ್ವಾಕಿ ಪಕ್ಕದಲ್ಲೇ ಬೆಳೆದವರು, ಅವರ ಅಪ್ಪ ಅದೇ ತಂಡದಲ್ಲಿ ಕೆಲಸ ಮಾಡಿದವರು. ದುಡ್ಡು ಕಡಿಮೆ ಇರುವ ಆ ತಂಡವನ್ನು ಆರು ವರ್ಷಗಳಲ್ಲಿ ಐದು ಸಲ ಪ್ಲೇಆಫ್‌ಗೆ ಕೊಂಡೊಯ್ದಿದ್ದರು. ನವೆಂಬರ್ 6ರಂದು ಸುದ್ದಿ ಬಂತು. ಐದು ವರ್ಷಕ್ಕೆ 4 ಕೋಟಿ ಡಾಲರ್, ಕೌನ್ಸೆಲ್ ಕಬ್ಸ್‌ಗೆ! ರಾಸ್ ಅವರ ಒಪ್ಪಂದ ಇನ್ನೂ ಬಾಕಿ ಇತ್ತು. ಹೋಯರ್ ಫ್ಲೋರಿಡಾಗೆ ಹಾರಿ, ಮುಖಾಮುಖಿಯಾಗಿಯೇ ವಿಷಯ ತಿಳಿಸಿ ಬಂದರು. ಮಿಲ್ವಾಕಿಯ ಅಭಿಮಾನಿಗಳಿಗೆ ಎಷ್ಟು ಸಿಟ್ಟು ಬಂತೆಂದರೆ, ಕೌನ್ಸೆಲ್ ಹೆಸರಿಟ್ಟಿದ್ದ ಮಕ್ಕಳ ಮೈದಾನದ ಬೋರ್ಡಿನ ಮೇಲೆ ಯಾರೋ ಬಣ್ಣದಲ್ಲಿ ಬೈಗುಳ ಬರೆದು ಹೋದರು.

ಆ ಚಳಿಗಾಲದಲ್ಲಿ ಬ್ರೂವರ್ಸ್ ಏನು ಮಾಡಿತು? ಇಲ್ಲೇ ಇದೆ ನೋಡಿ ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ.

ಹೊರಗಿನಿಂದ ದೊಡ್ಡ ಹೆಸರು ತರಲಿಲ್ಲ. ಕೌನ್ಸೆಲ್‌ರ ಬಲಗೈಯಾಗಿದ್ದ ಪ್ಯಾಟ್ ಮರ್ಫಿಯವರನ್ನೇ ಕೂರಿಸಿದರು. ಕಾಲೇಜಿನಲ್ಲಿ ಕೌನ್ಸೆಲ್‌ಗೆ ಕೋಚ್ ಆಗಿದ್ದವರೂ ಇವರೇ. ಜ್ಯಾಕ್ಸನ್ ಚೂರಿಯೊ ಎಂಬ 19ರ ಹುಡುಗನಿಗೆ 8 ವರ್ಷಕ್ಕೆ 8.2 ಕೋಟಿ ಡಾಲರ್ ಬರೆದುಕೊಟ್ಟರು. ಆತ ಆಗಿನ್ನೂ ಈ ತಂಡಗಳೆಲ್ಲ ಆಡುವ ಮೇಲ್ಮಟ್ಟದ ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡಿರಲಿಲ್ಲ! ಭುಜದ ಆಪರೇಷನ್ ಆಗಿದ್ದ ಪಿಚರ್ ಬ್ರ್ಯಾಂಡನ್ ವುಡ್ರಫ್‌ರನ್ನು ನವೆಂಬರ್‌ನಲ್ಲಿ ಬಿಟ್ಟರು, ಫೆಬ್ರುವರಿಯಲ್ಲಿ ಬೇರೆ ಲೆಕ್ಕದಲ್ಲಿ ವಾಪಸ್ ಕರೆದುಕೊಂಡರು. ತಂಡದ ಅತ್ಯುತ್ತಮ ಪಿಚರ್ ಕಾರ್ಬಿನ್ ಬರ್ನ್ಸ್‌ರನ್ನು ಬಾಲ್ಟಿಮೋರ್‌ಗೆ ಕೊಟ್ಟು ಇಬ್ಬರು ಎಳೆಯರನ್ನು ತಂದರು.

ಒಳ್ಳೆಯ ಆಟಗಾರನನ್ನು ಹೀಗೆ ಕೊಡುವುದು ಹುಚ್ಚಾಟದಂತೆ ಕಾಣುತ್ತದೆ ಅಲ್ವಾ? ಅದರ ಹಿಂದೆ ಒಂದು ಗಡಿಯಾರವಿದೆ. ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಮುಗಿಸಿದ ಆಟಗಾರ ಒಪ್ಪಂದ ಮುಗಿದಾಗ ಸ್ವತಂತ್ರ, ಎಲ್ಲಿಗೆ ಬೇಕಾದರೂ ಹೋಗಬಹುದು. ಮೊದಲ ವರ್ಷಗಳಲ್ಲಿ ಹೆಚ್ಚಿನವರಿಗೆ ಸಿಗುವುದು ಕನಿಷ್ಠ ಸಂಬಳದ ಆಸುಪಾಸು, 2024ರಲ್ಲಿ ಅದು 7.4 ಲಕ್ಷ ಡಾಲರ್. ಸಾಮಾನ್ಯವಾಗಿ ಮೂರು ವರ್ಷದ ನಂತರ ಸಂಬಳದ ಪಂಚಾಯಿತಿ ಶುರು, ತಂಡ ಮತ್ತು ಆಟಗಾರ ಒಪ್ಪದಿದ್ದರೆ ಮಧ್ಯಸ್ಥರು ತೀರ್ಮಾನಿಸುತ್ತಾರೆ. ಬರ್ನ್ಸ್‌ಗೆ ಉಳಿದದ್ದು ಒಂದೇ ವರ್ಷ. ಸುಮ್ನೆ ಕಳೆದುಕೊಳ್ಳುವ ಬದಲು ಬೆಲೆ ಇರುವಾಗಲೇ ಕೈ ಬದಲಿಸಿದರು.

ಈ ಗಡಿಯಾರದ ಜೊತೆ ಕಬ್ಸ್ ಕೂಡ ಆಟವಾಡಿದೆ. ಒಂದು ವರ್ಷದ ಸೇವೆ ಅಂದರೆ 172 ದಿನ. 2015ರಲ್ಲಿ ಕ್ರಿಸ್ ಬ್ರಯಂಟ್ ಎಂಬ ಹುಡುಗನನ್ನು ಸೀಸನ್ ಶುರುವಾದ ಮೇಲೆ, ಏಪ್ರಿಲ್ 17ಕ್ಕೆ ಕರೆಸಿದರು. ಆತನಿಗೆ ಸಿಕ್ಕಿದ್ದು 171 ದಿನ. ಆ ಒಂದು ದಿನದ ಕೊರತೆಯಿಂದ ಬ್ರಯಂಟ್ ಇಡೀ ಒಂದು ವರ್ಷ ಹೆಚ್ಚು ಕಾಯಬೇಕಾಯಿತು. ದೂರು ಕೊಟ್ಟರು, ಸೋತರು. ನಿಯಮದ ಪ್ರಕಾರ ಸರಿ ಇರಬಹುದು. ನನಗಂತೂ ಅದು ತಕ್ಕಡಿಗೆ ಬೆರಳು ಒತ್ತಿದ ಹಾಗೆಯೇ ಕಾಣುತ್ತದೆ.

ಸರಿ, 2024ರಲ್ಲಿ ಏನಾಯಿತು? ಕೌನ್ಸೆಲ್ ಇಲ್ಲದ, ಬರ್ನ್ಸ್ ಇಲ್ಲದ ಬ್ರೂವರ್ಸ್ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲಾಯಿತು. ಹಿಂದಿನ ವರ್ಷಕ್ಕಿಂತ ಒಂದು ಹೆಚ್ಚೇ. ಮರ್ಫಿ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ವರ್ಷದ ಮ್ಯಾನೇಜರ್ ಆದರು. ಕಬ್ಸ್ ಕೈಗೆ ಅದೇ 83.

ಹಾಗಂತ ಕೌನ್ಸೆಲ್ ದಂಡ ಎಂದು ಹೇಳುವುದು ತಪ್ಪು. ಆ ಚಳಿಗಾಲದಲ್ಲಿ ಸಂತೆಯಿಂದ ಬಂದ ಸಾಮಾನು ಚೆನ್ನಾಗಿತ್ತು, ಆದರೆ ಸಾಲಲಿಲ್ಲ. ಜಪಾನಿನಿಂದ ಬಂದ ಪಿಚರ್ ಶೋಟ ಇಮನಾಗ ಹೆಸರಿಗೆ 15 ಗೆಲುವು, ಬರೀ 3 ಸೋಲು. ಡಾಡ್ಜರ್ಸ್‌ನಿಂದ ತಂದ ಮೈಕಲ್ ಬುಷ್ 21 ಹೋಮ್ ರನ್ ಹೊಡೆದರು. ಉಳಿದ ತಂಡ ಹೆಚ್ಚುಕಡಿಮೆ ಹಳೆಯದೇ. ಸಾರಿಗೆ ಬೇಳೆಯೇ ಕಡಿಮೆ ಇದ್ದರೆ ಒಗ್ಗರಣೆ ಎಷ್ಟು ಘಮಘಮಿಸಿದರೇನು?

ಮುಂದಿನ ಚಳಿಗಾಲದಲ್ಲಿ ಹೋಯರ್ ಬೇಳೆಗೇ ಕೈ ಹಾಕಿದರು. 2024ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್‌ನಿಂದ ಕೈಲ್ ಟಕರ್ ಬಂದರು. ಅವರ ಗಡಿಯಾರದಲ್ಲೂ ಉಳಿದಿದ್ದು ಒಂದೇ ವರ್ಷ. ಅದಕ್ಕೆ ಮೂವರನ್ನು ಕೊಡಬೇಕಾಯಿತು. ಅವರಲ್ಲಿ ಒಬ್ಬ, ಕ್ಯಾಮ್ ಸ್ಮಿತ್, ಅದೇ ವರ್ಷ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಕಬ್ಸ್ ಆರಿಸಿಕೊಂಡಿದ್ದ ಹುಡುಗ. ಒಂದು ವರ್ಷದ ಬಾಡಿಗೆಗೆ ಮನೆಯ ಚಿನ್ನ ಕೊಟ್ಟ ಹಾಗೆ. ಆದರೂ 2025ರಲ್ಲಿ ಕಬ್ಸ್ 92 ಪಂದ್ಯ ಗೆದ್ದಿತು. ಮ್ಯಾನೇಜರ್ ಅದೇ ಕೌನ್ಸೆಲ್. ಇದು ಪೂರ್ತಿ ಟಕರ್ ಒಬ್ಬರ ಪುಣ್ಯವಲ್ಲ, ಬುಷ್ ಅವರ ಹೋಮ್ ರನ್ ಕೂಡ 34ಕ್ಕೆ ಏರಿತ್ತು.

ಆ ವರ್ಷ ಪ್ಲೇಆಫ್‌ನ ಎರಡನೇ ಹಂತದಲ್ಲಿ ಕಬ್ಸ್‌ಗೆ ಎದುರಾದದ್ದು ಯಾರು ಹೇಳಿ? ಮರ್ಫಿಯವರ ಬ್ರೂವರ್ಸ್. ಎರಡೆರಡು ಗೆಲುವಾಗಿ ಐದನೇ ಪಂದ್ಯ ಮಿಲ್ವಾಕಿಯಲ್ಲಿ ನಡೆಯಿತು. ಬ್ರೂವರ್ಸ್ 3, ಕಬ್ಸ್ 1.